ಹ್ಯಾಕಿಂಗ್ ಕಲಿಯಲು ಯಾವ ಟೂಲ್‌ನಿಂದ ಆರಂಭಿಸಲಿ?

ಪ್ರಶ್ನೆ (ವಿದ್ಯಾರ್ಥಿ): ಮೇಡಂ, ನಾನು ಪದವಿಯ ಎರಡನೆಯ ವರ್ಷದಲ್ಲಿದ್ದೇನೆ. ಹ್ಯಾಕಿಂಗ್ ಕಲಿತು ಅದರಲ್ಲೇ ಉದ್ಯೋಗ ಹಿಡಿಯಬೇಕೆಂಬ ಆಸೆ. ಮೂರು ತಿಂಗಳ ಹಿಂದೆ ಲ್ಯಾಪ್‌ಟಾಪಿನಲ್ಲಿದ್ದುದನ್ನೆಲ್ಲ ಅಳಿಸಿ ಹ್ಯಾಕಿಂಗ್ ಟೂಲ್‌ಗಳ ಸಮೇತ ಬರುವ ಕಾಲಿ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಹಾಕಿಕೊಂಡೆ. ಮೆನು ತೆರೆದರೆ ನೂರಾರು ಟೂಲ್‌ಗಳಿವೆ. ವಿಡಿಯೊದಲ್ಲಿ ತೋರಿಸಿದ ಕಮಾಂಡ್‌ಗಳನ್ನು ನೋಡಿಕೊಂಡು ಟೈಪ್ ಮಾಡುತ್ತೇನೆ. ಕೆಲವೊಮ್ಮೆ ಏನೋ ಬರುತ್ತದೆ, ಬಹಳ ಸಲ ಏನೂ ಬರುವುದಿಲ್ಲ. ಬಂದಾಗಲೂ ಯಾಕೆ ಬಂತೆಂದು ತಿಳಿಯುವುದಿಲ್ಲ. ಯಾವ ಹತ್ತು ಟೂಲ್ ಕಲಿತರೆ ಸಾಕು? ಒಂದು ಪಟ್ಟಿ ಕೊಡುತ್ತೀರಾ?

ಉತ್ತರ: ಪಟ್ಟಿ ಕೊಡಲಾರೆ. ಕೊಟ್ಟರೆ ಇನ್ನು ಮೂರು ತಿಂಗಳು ಬಿಟ್ಟು ಇದೇ ಪ್ರಶ್ನೆಯನ್ನು ಇನ್ನೊಂದು ಪಟ್ಟಿಗಾಗಿ ಕೇಳುತ್ತೀರಿ. ನಿಮ್ಮ ಪ್ರಶ್ನೆಯ ಕೊನೆಯಲ್ಲಿ ‘ಯಾಕೆ ಬಂತೆಂದು ತಿಳಿಯುವುದಿಲ್ಲ’ ಎಂದಿದ್ದೀರಲ್ಲ, ಹಿಡಿಯಬೇಕಾದ ಎಳೆ ಅದು. ಕಂಪನಿಗಳ ಒಪ್ಪಿಗೆ ಪಡೆದು ಅವುಗಳ ವ್ಯವಸ್ಥೆಗೆ ನುಗ್ಗಿ ನೋಡುವುದು ನನ್ನ ಕೆಲಸ. ಹೊಸಬರಿಗೆ ನಾನು ಹೇಳುವುದು ಒಂದೇ ಮಾತು: ಟೂಲ್ ಮಾಡುವ ಕೆಲಸವನ್ನು ಮೊದಲು ಒಮ್ಮೆ ಕೈಯಾರೆ ಮಾಡಿ ನೋಡಿ. ಗಂಟೆಗಟ್ಟಲೆ ಹಿಡಿದರೂ ಚಿಂತೆಯಿಲ್ಲ. ಕೈ ಸೋತ ಮೇಲೆ ಯಾವ ಟೂಲ್ ಬೇಕೆಂದು ನಿಮಗೇ ಗೊತ್ತಾಗುತ್ತದೆ.

ಎನ್‌ಮ್ಯಾಪ್ ತೆಗೆದುಕೊಳ್ಳಿ. 1997ರಿಂದ ಇರುವ ಸ್ಕ್ಯಾನರ್, ಅಂದರೆ ಯಂತ್ರವೊಂದರ ಯಾವ ಪೋರ್ಟ್‌ಗಳು (ಸಂಪರ್ಕಕ್ಕಿರುವ, ಸಂಖ್ಯೆ ಹೊತ್ತ ಬಾಗಿಲುಗಳು) ತೆರೆದಿವೆಯೆಂದು ತಟ್ಟಿ ನೋಡುವ ಟೂಲ್. ಇಂದಿಗೂ ನಾನು ಬಹುತೇಕ ಪ್ರತಿ ಕೆಲಸದಲ್ಲಿ ಮೊದಲು ತೆರೆಯುವುದು ಅದನ್ನೇ. ಯಂತ್ರಗಳು ಮಾತಾಡಿಕೊಳ್ಳುವ ನಿಯಮಗಳಲ್ಲೊಂದಾದ ಟಿಸಿಪಿಯಲ್ಲಿ, ಸಂಪರ್ಕ ಬೇಡುವ ಯಂತ್ರ ‘ಸಿನ್’ ಎಂಬ ಪ್ಯಾಕೆಟ್ (ಸಣ್ಣ ಮಾಹಿತಿ ತುಣುಕು) ಕಳುಹಿಸುತ್ತದೆ. ಆಚೆಯ ಪೋರ್ಟ್ ತೆರೆದಿದ್ದರೆ ‘ಸಿನ್-ಆಕ್’ ಎಂಬ ಉತ್ತರ ಬರುತ್ತದೆ, ಮುಚ್ಚಿದ್ದರೆ ‘ರೀಸೆಟ್’. ನಡುವೆ ಫೈರ್‌ವಾಲ್ ಕುಳಿತು ಪ್ಯಾಕೆಟ್ ನುಂಗಿದರೆ ಏನೂ ಬರುವುದಿಲ್ಲ. ಎನ್‌ಮ್ಯಾಪ್ ತೋರಿಸುವ ಓಪನ್, ಕ್ಲೋಸ್ಡ್, ಫಿಲ್ಟರ್ಡ್ ಎಂಬ ಮೂರು ಪದಗಳ ಹಿಂದೆ ಇರುವುದು ಇಷ್ಟೇ. ಇನ್ನೊಂದು ವಿಷಯ: ಟಿಸಿಪಿ ಪೋರ್ಟ್ ಸಂಖ್ಯೆ 65,535ರ ತನಕ ಹೋಗುತ್ತದೆ, ಆದರೆ ಬೇರೆ ಸೂಚನೆ ಕೊಡದಿದ್ದರೆ ಎನ್‌ಮ್ಯಾಪ್ ನೋಡುವುದು ಹೆಚ್ಚು ಬಳಕೆಯಲ್ಲಿರುವ 1000 ಪೋರ್ಟ್‌ಗಳನ್ನು ಮಾತ್ರ. ‘ಏನೂ ಬರಲಿಲ್ಲ’ ಎಂದಿರಲ್ಲ, ಟೂಲ್ ಆ ಬಾಗಿಲನ್ನು ತಟ್ಟಿಯೇ ಇರಲಿಲ್ಲವೇನೋ. ಕುಣಿಯಲಾರದವಳು ನೆಲ ಡೊಂಕು ಎಂದ ಹಾಗೆ, ಇದನ್ನರಿಯದವರು ಒಂದು ಸ್ಕ್ಯಾನರ್ ಬಿಟ್ಟು ಇನ್ನೊಂದು ಹುಡುಕುತ್ತಾ ಹೋಗುತ್ತಾರೆ.

ಕಾಲಿಯ ಬಗ್ಗೆ: 2013ರಲ್ಲಿ ಹೊರಬಂದ ಈ ವ್ಯವಸ್ಥೆ ಲಿನಕ್ಸ್ ಬಲ್ಲ ಪರೀಕ್ಷಕರಿಗಾಗಿ ಕಟ್ಟಿದ್ದು. ಲಿನಕ್ಸ್ ಪರಿಚಯವೇ ಇಲ್ಲದವರಿಗೆ ಇದು ತಕ್ಕದ್ದಲ್ಲ ಎಂದು ಅದರ ಅಧಿಕೃತ ಕೈಪಿಡಿಯೇ ಹೇಳುತ್ತದೆ. ಲ್ಯಾಪ್‌ಟಾಪಿಗೆ ನಿಮ್ಮ ಹಳೆಯ ವ್ಯವಸ್ಥೆಯನ್ನು ಮರಳಿ ಹಾಕಿ, ಕಾಲಿಯನ್ನು ವರ್ಚುವಲ್‌ಬಾಕ್ಸ್‌ನ (ಕಂಪ್ಯೂಟರಿನೊಳಗೆ ಇನ್ನೊಂದು ‘ವರ್ಚುವಲ್’ ಕಂಪ್ಯೂಟರ್ ಓಡಿಸುವ ತಂತ್ರಾಂಶ) ಒಳಗೆ ಇಟ್ಟುಕೊಳ್ಳಿ. ಕೆಟ್ಟರೆ ಸ್ನ್ಯಾಪ್‌ಶಾಟ್‌ಗೆ, ಅಂದರೆ ಮೊದಲೇ ಉಳಿಸಿಟ್ಟ ಸ್ಥಿತಿಗೆ, ಹಿಂದಿರುಗಬಹುದು. ಲಿನಕ್ಸ್ ಕಲಿಯಲು ಓವರ್‌ದವೈರ್‌ನವರ ‘ಬ್ಯಾಂಡಿಟ್’ ಎಂಬ ಉಚಿತ ಆಟವಿದೆ. ಒಂದು ಹಂತದಲ್ಲಿ ಸಿಕ್ಕ ಪಾಸ್‌ವರ್ಡ್‌ನಿಂದ ಮುಂದಿನ ಹಂತಕ್ಕೆ ಹೋಗಬೇಕು. ಆರಂಭದಲ್ಲೇ ಬರೀ ಒಂದು ಅಡ್ಡಗೆರೆಯನ್ನೇ ಹೆಸರಾಗಿ ಹೊತ್ತ ಫೈಲ್ ಎದುರಾಗುತ್ತದೆ. ತೆರೆಯಲು ಹೋದರೆ ಕಮಾಂಡ್ ಸುಮ್ಮನೆ ಬಾಯಿ ಬಿಟ್ಟುಕೊಂಡು ಕಾಯುತ್ತದೆ. ಯಾಕೆಂದು ನೀವೇ ಪತ್ತೆ ಮಾಡಿ, ನಾನು ಹೇಳುವುದಿಲ್ಲ.

ಪ್ರಶ್ನೆ (ಇನ್ನೊಬ್ಬ ಸದಸ್ಯೆ): ಪ್ರೋಗ್ರಾಮಿಂಗ್ ಬಾರದೆ ಈ ಕ್ಷೇತ್ರಕ್ಕೆ ಬರಬಹುದೇ ಮೇಡಂ? ನನಗೆ ಸ್ವಲ್ಪ ಪೈಥಾನ್ ಮಾತ್ರ ಗೊತ್ತು.

ಉತ್ತರ: ಬರಬಹುದು, ಆದರೆ ಬಹಳ ದೂರ ಹೋಗಲಾಗದು. ಆರಂಭಕ್ಕೆ ಸ್ವಲ್ಪ ಪೈಥಾನ್ ಸಾಕು. ನೆಟ್‌ವರ್ಕ್ ಸಂಪರ್ಕ ಮಾಡಿಕೊಡುವ ಅದರ ಸಾಕೆಟ್ ಲೈಬ್ರರಿ ಬಳಸಿ ನಿಮ್ಮದೇ ವರ್ಚುವಲ್ ಯಂತ್ರದ ಪೋರ್ಟ್‌ಗಳನ್ನು ನೋಡುವ ಹದಿನೈದು ಸಾಲಿನ ಸ್ಕ್ಯಾನರ್ ಬರೆಯಿರಿ. ಆಮೆಯಂತೆ ತೆವಳುತ್ತದೆ. ನಂತರ ಎನ್‌ಮ್ಯಾಪ್ ಓಡಿಸಿ ಎರಡನ್ನೂ ಹೋಲಿಸಿ.

ಪ್ರಶ್ನೆ (ವಿದ್ಯಾರ್ಥಿ): ವೆಬ್ ಕಡೆ ಹೋಗಲೋ ನೆಟ್‌ವರ್ಕ್ ಕಡೆಯೋ? ವೆಬ್ ಆದರೆ ತಾನಾಗಿಯೇ ದೋಷ ಹುಡುಕುವ ಸ್ಕ್ಯಾನರ್‌ಗಳಿವೆಯಂತೆ.

ಉತ್ತರ: ನನ್ನ ಮತ ವೆಬ್‌ಗೆ. ಬ್ರೌಸರ್ ಈಗಾಗಲೇ ನಿಮ್ಮಲ್ಲಿದೆ. ಅದರ ಡೆವಲಪರ್ ಟೂಲ್ಸ್ ತೆರೆದು, ಒಂದು ಗುಂಡಿ ಒತ್ತಿದಾಗ ಹೊರಡುವ ವಿನಂತಿ ಯಾವುದು, ಕುಕಿ ಎಲ್ಲಿದೆ, ಉತ್ತರವಾಗಿ ಬಂದ ಸಂಕೇತ 200ರೋ (ಸರಿ) 403ರೋ (ಪ್ರವೇಶವಿಲ್ಲ) ಎಂದು ಒಂದು ವಾರ ಬರೀ ನೋಡಿ. ಆ ವಿನಂತಿಯನ್ನು ನಡುವೆ ತಡೆದು ತಿದ್ದಿ ಕಳುಹಿಸಬೇಕೆಂಬ ಆಸೆ ತಾನಾಗಿ ಹುಟ್ಟುತ್ತದೆ. ಆ ದಿನ ಬರ್ಪ್ ಸೂಟ್‌ನ ಉಚಿತ ಆವೃತ್ತಿಯನ್ನೋ ಝ್ಯಾಪ್ ಅನ್ನೋ ಹಾಕಿಕೊಳ್ಳಿ. ಎರಡರಲ್ಲಿ ಯಾವುದಾದರೂ ನಡೆಯುತ್ತದೆ. ಇದರ ಮೇಲೆ ನಡೆಯುವ ಜಗಳಗಳಿಗೆ ಕಿವಿಗೊಡಬೇಡಿ.

ಸ್ಕ್ಯಾನರ್‌ಗಳ ಮಾತು ಸ್ವಲ್ಪ ವಿವರವಾಗಿ ಹೇಳಬೇಕು. ಓವಾಸ್ಪ್ ಸಂಸ್ಥೆ ವೆಬ್ ಅಪಾಯಗಳ ಹತ್ತರ ಪಟ್ಟಿಯೊಂದನ್ನು ಹೊರತರುತ್ತದೆ. 2021ರ ಪಟ್ಟಿಯ ತುದಿಯಲ್ಲಿದ್ದುದು ಪ್ರವೇಶ ನಿಯಂತ್ರಣದ ದೋಷ. ಅಂದರೆ ನನ್ನ ಖಾತೆಯಿಂದ ಒಳಗೆ ಹೋಗಿ, ವಿಳಾಸದಲ್ಲೋ ವಿನಂತಿಯಲ್ಲೋ ಇರುವ 7 ಎಂಬ ಸಂಖ್ಯೆಯನ್ನು 8 ಮಾಡಿದರೆ ನಿಮ್ಮ ಬಿಲ್ ನನಗೆ ಕಾಣುತ್ತದೆ. ಸರ್ವರ್ 200 ಎಂದೇ ಉತ್ತರಿಸುತ್ತದೆ, ಪುಟವೂ ಅಚ್ಚುಕಟ್ಟಾಗಿ ಬರುತ್ತದೆ. ಸ್ಕ್ಯಾನರ್‌ನ ಕಣ್ಣಿಗೆ ಎಲ್ಲವೂ ಸರಿಯೇ. ಯಾವ ಬಿಲ್ ಯಾರದೆಂದು ಯಾರೂ ಹೇಳಿಕೊಡದಿದ್ದರೆ ಅದಕ್ಕೆ ಹೇಗೆ ತಿಳಿಯಬೇಕು? ಓವಾಸ್ಪ್‌ನದೇ ‘ಜ್ಯೂಸ್ ಶಾಪ್’ ಎಂಬ ಅಭ್ಯಾಸದ ಅಂಗಡಿಯನ್ನು ನಿಮ್ಮ ಯಂತ್ರದಲ್ಲಿ ಓಡಿಸಿ, ಎರಡು ಖಾತೆ ತೆರೆದು, ಒಬ್ಬರ ಬುಟ್ಟಿಯನ್ನು ಇನ್ನೊಬ್ಬರಾಗಿ ನೋಡಲು ಪ್ರಯತ್ನಿಸಿ. ಹೆಸರಾಂತ ಟೂಲ್ ಯಾವುದೂ ಬೇಡ.

ಪ್ರಶ್ನೆ (ವಿದ್ಯಾರ್ಥಿ): ನಮ್ಮ ಕಾಲೇಜಿನ ಜಾಲತಾಣವನ್ನು ಒಮ್ಮೆ ಸ್ಕ್ಯಾನ್ ಮಾಡಿ ನೋಡಬಹುದೇ? ಏನನ್ನೂ ಕೆಡಿಸುವುದಿಲ್ಲ.

ಉತ್ತರ: ಬೇಡ. ಯಾವ ವಿಳಾಸಗಳು, ಎಂದಿನಿಂದ ಎಂದಿನವರೆಗೆ, ಏನೇನು ಮಾಡಬಹುದು ಎಂಬುದು ಬರಹದಲ್ಲಿ ಇಲ್ಲದಿದ್ದರೆ ಮುಟ್ಟಬೇಡಿ. ಅಧ್ಯಾಪಕರು ಬಾಯಿಮಾತಿನಲ್ಲಿ ‘ನೋಡಪ್ಪಾ’ ಎಂದರೂ ಸಾಲದು. ವೃತ್ತಿಯ ಮೊದಲ ವರ್ಷ ನಾನು ಐಪಿ ವಿಳಾಸದ ಒಂದು ಅಂಕಿಯನ್ನು ತಪ್ಪಾಗಿ ಟೈಪ್ ಮಾಡಿ ಯಾರದೋ ಯಂತ್ರವನ್ನು ಅರ್ಧ ಗಂಟೆ ತಟ್ಟಿದ್ದೆ. ಕೈಯಲ್ಲಿ ಇನ್ನೊಬ್ಬರ ಒಪ್ಪಿಗೆ ಪತ್ರವಿತ್ತು, ಅದರಿಂದ ಏನು ಬಂತು? ಆ ಸಂಜೆಯೆಲ್ಲ ಕ್ಷಮೆ ಕೇಳುವ ಪತ್ರ ಬರೆಯುವುದರಲ್ಲೇ ಕಳೆಯಿತು. ಈಗಲೂ ಎಂಟರ್ ಒತ್ತುವ ಮುನ್ನ ವಿಳಾಸವನ್ನು ಗಟ್ಟಿಯಾಗಿ ಓದಿಕೊಳ್ಳುತ್ತೇನೆ, ಪಕ್ಕದಲ್ಲಿ ಕುಳಿತವರು ನಕ್ಕರೂ ಸರಿ.

ಹೊರಗಿನ ಯಂತ್ರವೇ ಬೇಕೆಂದರೆ ಎನ್‌ಮ್ಯಾಪ್‌ನವರು ‘ಸ್ಕ್ಯಾನ್‌ಮಿ’ ಎಂಬ ಸರ್ವರನ್ನು ಅಭ್ಯಾಸಕ್ಕೆಂದೇ ಇಟ್ಟಿದ್ದಾರೆ. ದಿನಕ್ಕೆ ಕೆಲವು ಸಲ ಸ್ಕ್ಯಾನ್ ಮಾಡಬಹುದು, ಪಾಸ್‌ವರ್ಡ್ ಊಹಿಸುವ ಟೂಲ್‌ಗಳನ್ನು ಅದರ ಮೇಲೆ ಬಿಡಬಾರದು.

ಸದಸ್ಯರೊಬ್ಬರ ಅಭಿಪ್ರಾಯ: ನಿಮ್ಮ ದಾರಿ ಸರಿ ಮೇಡಂ, ಆದರೆ ಹೊಸಬರಿಗೆ ಬೇಸರ ತರಿಸುತ್ತದೆ. ನಾನು ಮೊದಲ ದಿನವೇ, ಸಿದ್ಧ ದಾಳಿಗಳನ್ನು ಹೊತ್ತ ಮೆಟಾಸ್ಪ್ಲಾಯ್ಟ್ ಎಂಬ ಟೂಲ್‌ನಿಂದ ಅಭ್ಯಾಸದ ಯಂತ್ರವೊಂದರ ಒಳಹೊಕ್ಕೆ. ಆ ರೋಮಾಂಚನವೇ ನನ್ನನ್ನು ಇಲ್ಲಿಯವರೆಗೆ ತಂದಿತು.

ಉತ್ತರ: ಇದನ್ನು ತಳ್ಳಿಹಾಕಲಾರೆ. ರುಚಿ ಹತ್ತದೆ ಯಾವ ವಿದ್ಯೆಯೂ ನಿಲ್ಲುವುದಿಲ್ಲ. ಹಾಗಾದರೆ ರೋಮಾಂಚನವನ್ನೂ ಕೈಯಾರೆ ಪಡೆಯುವ ಒಂದು ಕೆಲಸ ಕೊಡುತ್ತೇನೆ. ಮೆಟಾಸ್ಪ್ಲಾಯ್ಟಬಲ್ 2 ಎಂಬುದು ಬೇಕೆಂದೇ ತೂತುಗಳನ್ನಿಟ್ಟು ಮಾಡಿದ ವರ್ಚುವಲ್ ಯಂತ್ರ. ಅದನ್ನೂ ಕಾಲಿಯನ್ನೂ ಹೋಸ್ಟ್-ಓನ್ಲಿ (ನಿಮ್ಮ ಲ್ಯಾಪ್‌ಟಾಪಿನೊಳಗೇ ಉಳಿಯುವ) ನೆಟ್‌ವರ್ಕ್‌ನಲ್ಲಿ ಇಡಿ, ಇಂಟರ್ನೆಟ್ಟಿಗೆ ತೆರೆದಿಡಬೇಡಿ. ಅದರಲ್ಲಿ ವಿಎಸ್‌ಎಫ್‌ಟಿಪಿಡಿ 2.3.4 ಎಂಬ ಎಫ್‌ಟಿಪಿ (ಫೈಲ್ ವರ್ಗಾವಣೆಯ) ಸರ್ವರ್ ಇದೆ. ಆ ವಿ ಮತ್ತು ಎಸ್‌ನ ಅರ್ಥ ‘ಬಹಳ ಸುರಕ್ಷಿತ’! 2011ರಲ್ಲಿ ಯಾರೋ ಅದರ ಡೌನ್‌ಲೋಡ್ ಪ್ರತಿಯೊಳಗೆ ಹಿಂಬಾಗಿಲೊಂದನ್ನು ತುರುಕಿದ್ದರು. ಬಳಕೆದಾರನ ಹೆಸರಿನ ಜೊತೆ :) ಎಂಬ ನಗುಮುಖ ಸೇರಿಸಿದರೆ 6200ನೆಯ ಪೋರ್ಟ್ ತೆರೆದುಕೊಳ್ಳುತ್ತದೆ. ಮೆಟಾಸ್ಪ್ಲಾಯ್ಟ್‌ನಲ್ಲಿ ಇದಕ್ಕೆ ಸಿದ್ಧ ಮಾಡ್ಯೂಲ್ ಇದೆ. ಅದನ್ನು ಆಮೇಲೆ ತೆರೆಯಿರಿ. ಮೊದಲು, ಪೋರ್ಟಿಗೆ ನೇರ ಸಂಪರ್ಕ ಕೊಡುವ ನೆಟ್‌ಕ್ಯಾಟ್ ಎಂಬ ಸಣ್ಣ ಟೂಲ್‌ನಿಂದ 21ನೆಯ ಪೋರ್ಟಿಗೆ ಹೋಗಿ ಹೆಸರನ್ನೂ ಏನಾದರೊಂದು ಪಾಸ್‌ವರ್ಡನ್ನೂ ನೀವೇ ಟೈಪ್ ಮಾಡಿ. ಆ ಕಿಟಕಿ ಹಾಗೇ ನಿಂತುಬಿಡುತ್ತದೆ, ನಿಲ್ಲಲಿ. ಇನ್ನೊಂದು ಕಿಟಕಿಯಿಂದ 6200ಕ್ಕೆ ಹೋಗಿ.

ಪ್ರಶ್ನೆ (ವಿದ್ಯಾರ್ಥಿ, ಒಂಬತ್ತು ದಿನಗಳ ನಂತರ): ಮೇಡಂ, ಅಡ್ಡಗೆರೆಯ ಫೈಲ್ ಗೊತ್ತಾಯಿತು. ಕಮಾಂಡ್ ಆ ಗೆರೆಯನ್ನು ‘ಕೀಬೋರ್ಡಿನಿಂದ ಓದು’ ಎಂದು ತಿಳಿಯುತ್ತದೆ, ಹಾದಿ ಸಮೇತ ಹೆಸರು ಕೊಟ್ಟರೆ ತೆರೆಯುತ್ತದೆ. ಆದರೆ ನಗುಮುಖ ಕೆಲಸ ಮಾಡುತ್ತಿಲ್ಲ. 6200ಕ್ಕೆ ಸಂಪರ್ಕ ಸಿಕ್ಕಿದೆ, ಆದರೆ ಪರದೆ ಖಾಲಿ. ಕರ್ಸರ್ ಮಾತ್ರ ಮಿನುಗುತ್ತಿದೆ. ನಾಲ್ಕು ಸಲ ಯಂತ್ರವನ್ನು ಮರುಪ್ರಾರಂಭಿಸಿದೆ.

ಉತ್ತರ: ನಾಲ್ಕು ಸಲವೂ ನೀವು ಒಳಗೇ ಇದ್ದಿರಿ! ಅಲ್ಲಿ ಓಡುತ್ತಿರುವುದು ಟರ್ಮಿನಲ್ ಇಲ್ಲದ ಬರೀ ಶೆಲ್ (ಕಮಾಂಡ್‌ಗಳನ್ನು ಓದಿ ನಡೆಸುವ ಪ್ರೋಗ್ರಾಂ), ಅದು ‘ಟೈಪ್ ಮಾಡಿ’ ಎಂದು ಸೂಚಿಸುವ ಪ್ರಾಂಪ್ಟ್ ತೋರಿಸುವುದಿಲ್ಲ. ನೀವು ಯಾವ ಬಳಕೆದಾರನೆಂದು ಹೇಳುವ ‘ಐಡಿ’ (id) ಎಂಬ ಕಮಾಂಡ್ ಟೈಪ್ ಮಾಡಿ ಎಂಟರ್ ಒತ್ತಿ ನೋಡಿ.

ವಿದ್ಯಾರ್ಥಿ: ಯುಐಡಿ 0, ರೂಟ್ ಎಂದು ಬಂತು ಮೇಡಂ! ಯಂತ್ರದ ಪೂರ್ಣ ಅಧಿಕಾರವಿರುವ ಬಳಕೆದಾರ! ಕೈ ನಡುಗುತ್ತಿದೆ.

ಉತ್ತರ: ನಡುಗಲಿ. ನಿಂತ ಮೇಲೆ, ಓಡಾಡುವ ಪ್ಯಾಕೆಟ್‌ಗಳನ್ನು ಹಿಡಿದು ತೋರಿಸುವ ವೈರ್‌ಶಾರ್ಕ್ ಓಡಿಸಿಕೊಂಡು ಇದನ್ನೇ ಇನ್ನೊಮ್ಮೆ ಮಾಡಿ. ಎಫ್‌ಟಿಪಿಯಲ್ಲಿ ಗೂಢಲಿಪಿ ಇಲ್ಲ, ಹಾಗಾಗಿ ನೀವು ಕಳುಹಿಸಿದ ನಗುಮುಖ ಪ್ಯಾಕೆಟ್ಟಿನೊಳಗೆ ಹಾಗೆಯೇ ಕಾಣುತ್ತದೆ. ಆ ಸಾಲಿನ ಚಿತ್ರ ಇಲ್ಲಿ ಹಾಕಿ. ಮೆಟಾಸ್ಪ್ಲಾಯ್ಟ್ ಮಾಡ್ಯೂಲ್ ಅದೇ ಸಾಲನ್ನು ಎಲ್ಲಿ ಬರೆಯುತ್ತದೆಂದು ರೂಬಿ ಭಾಷೆಯಲ್ಲಿರುವ ಅದರ ಕೋಡ್‌ನಲ್ಲಿ ಹುಡುಕೋಣ.