ಕಾರವಾರ: ಕಡಲ ಬದಿಯ ಹತ್ತು ಗುಂಟೆಯಲ್ಲಿ ಜನ ಬಂದು ಕೂರಬೇಕಾದರೆ ಏನು ಮಾಡಬೇಕು?

ಕೋಡಿಬಾಗದವಳು:
ನಮ್ಮ ವಾರ್ಡಿನಲ್ಲಿ ಕಡಲಿಂದ ಇನ್ನೂರು ಮೀಟರ್ ದೂರದಲ್ಲಿ ಖಾಲಿ ಜಾಗ, ಅಂಚಿಗೆ ಹಳೇ ಆಲದ ಮರ. ಬೆಳಿಗ್ಗೆ ಮೀನು ಮಾರುವ ಹೆಂಗಸರು ಅಲ್ಲೇ ಬುಟ್ಟಿ ಇಳಿಸುತ್ತಾರೆ, ಸಂಜೆ ಮಕ್ಕಳ ಕ್ರಿಕೆಟ್, ಸುಗ್ಗಿಯಲ್ಲಿ ಕುಣಿತ. ಈ ಜಾಗಕ್ಕೆ ಈಗ ಬಂದಿರುವ ನಕ್ಷೆಯಲ್ಲಿ ಬೇಲಿ, ಹುಲ್ಲುಹಾಸು, ಕಾರಂಜಿ, ಕಬ್ಬಿಣದ ಬೆಂಚು ಇವೆ. ಏನು ಬದಲಿಸಲು ಕೇಳಬೇಕು?

ನಗರ ಯೋಜಕ, ಶಿರಸಿ:
ಮೇಡಂ, ಮೊದಲು ಬೇಲಿ ತೆಗೆಸಿ. ಬೀಗ ಬಿದ್ದ ದಿನವೇ ಬುಟ್ಟಿಯವರು ರಸ್ತೆ ಅಂಚಿಗೆ ಹೋಗುತ್ತಾರೆ. ಅಂಚಿಗೆ ಮೊಣಕಾಲೆತ್ತರದ ಚಿರೆಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲಿನ) ಗೋಡೆ, ನಡುವೆ ಅಂಕುಡೊಂಕಿನ ದಾರಿ ಸಾಕು. ಗಾಲಿಕುರ್ಚಿಗೆ ಒಂದು ಕಡೆ ನಾಲ್ಕಡಿ ಅಗಲದ ಇಳಿಜಾರು ಇರಲಿ, ಒಂದಡಿ ಏರಲು ಹನ್ನೆರಡು ಅಡಿ ಉದ್ದ ಬೇಕು.

ನಕ್ಷೆ ತಿದ್ದುವ ಮುಂಚೆ ಬೆಳಿಗ್ಗೆ 7, ಮಧ್ಯಾಹ್ನ 12, ಸಂಜೆ 5, ರಾತ್ರಿ 8ಕ್ಕೆ ಯಾರು ಎಲ್ಲಿ ನಿಲ್ಲುತ್ತಾರೆ ಅಂತ ಗುರುತು ಹಾಕಿ. ಸಂತೆ ದಿನ ಬಿಡಬೇಡಿ. ನಂತರ ಎರಡು ವಾರ ಪ್ಲಾಸ್ಟಿಕ್ ಕುರ್ಚಿ ಇಟ್ಟು ನೋಡಿ. ನ್ಯೂಯಾರ್ಕಿನ ಚೌಕಗಳನ್ನು ಕ್ಯಾಮೆರಾದಲ್ಲಿ ಹಿಡಿದ ವಿಲಿಯಂ ವೈಟ್ ಕಂಡದ್ದು ಇದನ್ನೇ: ಸರಿಸಬಹುದಾದ ಕುರ್ಚಿಯನ್ನು ಜನ ತಮಗೆ ಬೇಕಾದಲ್ಲಿಗೆ ಎಳೆದುಕೊಳ್ಳುತ್ತಾರೆ. ಕುರ್ಚಿಗಳು ಎಲ್ಲಿ ಸೇರುತ್ತವೋ ಅಲ್ಲೇ ಕಟ್ಟೆ ಕಟ್ಟಿಸಿ. ಬುಟ್ಟಿ ಇಳಿಸಲು ಬೇರೆಯೇ ಕಟ್ಟೆ ಬೇಕು, ಎದೆಯೆತ್ತರದ್ದು. ಇನ್ನೊಬ್ಬರ ಕೈ ಕಾಯದೆ ತಲೆಯಿಂದ ನೇರ ಅದರ ಮೇಲೆ ಇಳಿಸಬಹುದು. ಪಕ್ಕಕ್ಕೊಂದು ನಲ್ಲಿ. ಕಾರಂಜಿಯ ದುಡ್ಡು ಇಲ್ಲಿಗೆ ಬರಲಿ.

ಕುಣಿತಕ್ಕೆ ನಡುವೆ ನಲವತ್ತಡಿ ಚೌಕ ಮಣ್ಣಿನ ನೆಲ ಖಾಲಿ ಬಿಡಿ. ಉಳಿದ ದಿನ ಕ್ರಿಕೆಟ್ಟಿಗೂ ಅದೇ.

ಚಿರೆಕಲ್ಲು (ಬರೆಯುವವರ ಅಡ್ಡಹೆಸರು):
ಕಬ್ಬಿಣದ ಬೆಂಚು ಉಪ್ಪುಗಾಳಿಗೆ ನಿಲ್ಲುವುದಿಲ್ಲ. ಬೆಸುಗೆಯ ಜಾಗದಲ್ಲಿ ಮೊದಲು ಬಣ್ಣ ಏಳುತ್ತದೆ, ಒಳಗಿಂದ ತುಕ್ಕು ತಿನ್ನುತ್ತದೆ. ಕಾಂಕ್ರೀಟಿನದಾದರೂ ಐಎಸ್ 456 (ಕಾಂಕ್ರೀಟಿನ ಭಾರತೀಯ ಮಾನಕ) ಪ್ರಕಾರ ಕಡಲ ಗಾಳಿಗೆ ತೆರೆದಿದ್ದರೆ ಎಂ30 ದರ್ಜೆಯ ಕಾಂಕ್ರೀಟ್, ಒಳಗಿನ ಕಬ್ಬಿಣದ ಸರಳಿನ ಮೇಲೆ 45 ಮಿ.ಮೀ. ಕವರ್, ಅಂದರೆ ಕಾಂಕ್ರೀಟಿನ ಹೊದಿಕೆ ಬೇಕು. ಅದನ್ನು 20ಕ್ಕೆ ಇಳಿಸುವುದರಿಂದಲೇ ಬೆಂಚು ಸೀಳುವುದು. ಸರಳೇ ಇಲ್ಲದ ಚಿರೆಕಲ್ಲಿನ ಕಟ್ಟೆ ಇದಕ್ಕಿಂತ ಎಷ್ಟೋ ವಾಸಿ. ಎತ್ತರ ಒಂದೂವರೆ ಅಡಿ, ಅಗಲ ಎರಡೂವರೆ ಅಡಿ ಇಟ್ಟರೆ ಎರಡೂ ಕಡೆ ಮುಖ ಮಾಡಿ ಕೂರಬಹುದು. ವಯಸ್ಸಾದವರಿಗೆ ಒರಗು, ಕೈ ಊರಿ ಏಳಲು ಹಿಡಿ ಇರುವ ಕೆಲವು ಆಸನ ಬೇರೆ ಮಾಡಿಸಿ. ನುಣುಪು ಟೈಲ್ಸ್ ಬೇಡವೇ ಬೇಡ, ಮೊದಲ ಮಳೆಗಾಲದಲ್ಲೇ ಪಾಚಿ ಕಟ್ಟಿ ಜಾರುತ್ತದೆ. ಒರಟು ಕಲ್ಲು ಹಾಸಿ, ಹತ್ತಡಿಗೆ ಎರಡಿಂಚು ಇಳಿಜಾರು ಕೊಡಿ.

ಆಲದ ಬುಡಕ್ಕೆ ಮಣ್ಣು ಏರಿಸಬೇಡಿ, ತೊಗಟೆ ಕೊಳೆಯುತ್ತದೆ. ಕಟ್ಟೆ ಕಾಂಡದಿಂದ ಆರಡಿ ದೂರವಿರಲಿ, ಬೇರು ಕಡಿದು ಪಾಯ ತೆಗೆಯುವುದು ಬೇಡ.

ಕೋಡಿಬಾಗದವಳು:
ನಕ್ಷೆಯಲ್ಲಿ ನೆರಳಿಗೆ ತೆಂಗು ಅಂತ ಬರೆದಿದ್ದಾರೆ. ರಾತ್ರಿ ಹೆಂಗಸರು ಬರಬೇಕಾದರೆ ದೀಪ ಎಂಥದು?

ನಗರ ಯೋಜಕ, ಶಿರಸಿ:
ಕೂರುವ ಜಾಗದ ಮೇಲೆ ತೆಂಗು ಬೇಡ, ಕಾಯಿ ಬೀಳುತ್ತದೆ. ಸುರಹೊನ್ನೆ, ಹೊಂಗೆ ಉಪ್ಪುಗಾಳಿ ತಡೆಯುತ್ತವೆ. ಇಪ್ಪತ್ತೈದು ಅಡಿ ಅಂತರದಲ್ಲಿ ಜೂನಿನಲ್ಲಿ ನೆಡಿ. ಎತ್ತರದ ಒಂದೇ ಹೈಮಾಸ್ಟ್ (ಗುಂಪು ದೀಪಗಳ ಕಂಬ) ಹಾಕಿದರೆ ಆಲದಡಿ ಕಗ್ಗತ್ತಲು. ಹನ್ನೆರಡು ಅಡಿಯ ಕಂಬಗಳನ್ನು ದಾರಿಯುದ್ದಕ್ಕೂ ಹಾಕಿಸಿ, ಬೆಳಕು ಹಳದಿ ಛಾಯೆಯದು, ಎದುರು ಬರುವವರ ಮುಖ ಕಾಣುವಷ್ಟು.

ಮರೆಯುವ ಮುಂಚೆ: ಜಾಗ ಭರತರೇಖೆಯಿಂದ (ಉಬ್ಬರದ ನೀರು ಏರುವ ಗೆರೆಯಿಂದ) 500 ಮೀಟರ್ ಒಳಗಿದೆ. ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಒಪ್ಪಿಗೆ ಬೇಕೇ ಎಂದು ಟೆಂಡರ್ ಕರೆಯುವ ಮುನ್ನವೇ ಬರಹದಲ್ಲಿ ಕೇಳಿ.