ಸಹಾಯ ಬೇಕು: ನ್ಯೂಜೆರ್ಸಿಯಲ್ಲಿ ಬಾಣಂತನ, ಅಮ್ಮನ ಬಜೆ

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ನನ್ನ ಬಾಣಂತನಕ್ಕೆ ಅಮ್ಮ ಶಿವಮೊಗ್ಗದಿಂದ ಬರ್ತಿದ್ದಾರೆ. ಅರ್ಧ ಸೂಟ್‌ಕೇಸ್ ಆಗಲೇ ಗ್ರಂಧಿಗೆ ಅಂಗಡಿ ಆಗಿದೆ: ಬಜೆ, ಜಾಜಿಕಾಯಿ, ಮಾಚಿಕಾಯಿ, ಅಳಲೆಕಾಯಿ, ಮೇಲೊಂದು ತೇಯುವ ಕಲ್ಲು.

ಲೇಹ್ಯ, ಅಂಟಿನುಂಡೆ ಎಷ್ಟು ಕೊಟ್ಟರೂ ತಿಂತೀನಿ. ತಕರಾರಿರೋದು ಮಗುವಿಗೆ ಬಜೆ ನೆಕ್ಕಿಸೋದರಲ್ಲಿ. ಬಜೆಯಲ್ಲಿ ಬೀಟಾ-ಅಸರೋನ್ ಅನ್ನೋ ಹಾನಿಕಾರಕ ರಾಸಾಯನಿಕ ಇರುತ್ತೆ ಅಂತ ಅಮೆರಿಕದಲ್ಲಿ 1968ರಿಂದಲೇ ಆಹಾರಕ್ಕೆ ಅದನ್ನು ಬಳಸೋ ಹಾಗಿಲ್ಲ. ಆರು ತಿಂಗಳು ಹಾಲು ಬಿಟ್ಟು ಬೇರೇನೂ ಬೇಡ ಅಂತ ಡಾಕ್ಟರೂ ಹೇಳಿದ್ದಾರೆ. ಅಮ್ಮ ಫೋನಲ್ಲಿ, "ನೀನೂ ಬಜೆ ನೆಕ್ಕಿಯೇ ಬೆಳೆದವಳು ಕಣೇ, ಅದೂ ಬೇಡ ಅಂದ್ರೆ ನಾನ್ಯಾಕೆ ಬರ್ಲಿ?" ಅಂದ್ರು. ಅಜ್ಜಿಯಾಗಿ ಅವರಿಗಿರೋ ಹಕ್ಕನ್ನೇ ಕಿತ್ಕೊಂಡ ಹಾಗಾಗಿದೆ, ಪಾಪ.

ಇಲ್ಲಿ ಬಾಣಂತನ ಮಾಡಿಸ್ಕೊಂಡವರು ಹೇಳಿ: ಅಮ್ಮ, ಅತ್ತೆಯನ್ನ ಹೇಗೆ ಒಪ್ಪಿಸಿದ್ರಿ? ಎಣ್ಣೆನೀರು ಪೂರ್ತಿ ಅವರದ್ದೇ ಅಂತ ಬಿಟ್ಟುಕೊಡೋಣ ಅಂದ್ಕೊಂಡಿದ್ದೀನಿ. ಆದ್ರೆ ಸಾಂಬ್ರಾಣಿ ಹೊಗೆಗೆ ಅಪಾರ್ಟ್‌ಮೆಂಟಿನ ಸ್ಮೋಕ್ ಅಲಾರಂ ಕೂಗುತ್ತಲ್ಲ! ಒಣಗಿದ ಬೇರು, ಕಾಯಿಗಳನ್ನ ಕಸ್ಟಮ್ಸ್‌ನಲ್ಲಿ ಡಿಕ್ಲೇರ್ ಮಾಡಲೇಬೇಕು, ಗೊತ್ತು. ಅಮ್ಮನಿಗೆ ಇಂಗ್ಲಿಷ್ ಬರಲ್ಲ, ಚೀಟಿಯಲ್ಲಿ ಏನಂತ ಬರೆದುಕೊಡಲಿ? ಹತ್ತಿರದಲ್ಲಿ ಯಾರ ಮನೇಲಾದ್ರೂ ದೊಡ್ಡಪತ್ರೆ ಗಿಡ ಇದ್ರೆ ಒಂದು ಕಡ್ಡಿ ಕೊಡಿ, ತಂಬುಳಿಗೆ.