ಗ್ವೆರ್ಚಿನೊ ಹೆಸರಿರುವ ಪ್ರಿಂಟ್, ಅಕ್ವಾಟಿಂಟ್ ಅಂತೆ. 1600ರದ್ದಾ?

ಮಸಿಕುಡಿಕೆ:
ನಾನು ಫ್ಲಾರೆನ್ಸ್‌ನಲ್ಲಿ ಓದುತ್ತಿದ್ದೇನೆ. ಅರೆಟ್ಸೊದಲ್ಲಿ ತಿಂಗಳ ಮೊದಲ ಭಾನುವಾರ ಹಳೇ ಸಾಮಾನಿನ ಸಂತೆ ನಡೆಯುತ್ತದಲ್ಲ, ಅಲ್ಲಿ ಒಂದು ಪ್ರಿಂಟ್ ತಗೊಂಡೆ. ಮೇರಿ, ಮಗು ಯೇಸು, ಪಕ್ಕದಲ್ಲಿ ಪುಸ್ತಕ ಹಿಡಿದ ಜೋಸೆಫ್. ಗೆರೆಗಳು ಪೆನ್ನಿನಲ್ಲಿ ಗೀಚಿದ ಹಾಗಿವೆ, ಆದರೆ ನೆರಳೆಲ್ಲ ಕುಂಚದಲ್ಲಿ ಕಂದು ನೀರುಬಣ್ಣ ಎಳೆದ ಹಾಗೆ. ಕೆಳಗೆ ಎಡಕ್ಕೆ ‘ಗ್ವೆರ್ಚಿನೊ ಇನ್ವ್.’ ಅಂತಿದೆ, ಗ್ವೆರ್ಚಿನೊ ಇಟಲಿಯ ಚಿತ್ರಕಾರ. ಬಲಗಡೆಯ ಹೆಸರಿನ ಮೇಲೆ ಕಲೆ ಬಿದ್ದಿದೆ, ಕೊನೆಯ ‘ಇಂಚ್.’ ಮಾತ್ರ ಓದಲು ಬರುತ್ತದೆ. ಮಾರಿದವರು "ಬರೋಕ್, 1600ರದು, ಎಚಿಂಗ್ ಮತ್ತು ಅಕ್ವಾಟಿಂಟ್" ಅಂದರು. ಬರೋಕ್ ಅಂದರೆ 17ನೇ ಶತಮಾನದ ಯುರೋಪಿನ ಕಲಾಶೈಲಿ; ಎಚಿಂಗ್ ಅಂದರೆ ತಗಡಿನ ಮೇಲೆ ಆಸಿಡ್‌ನಿಂದ ಗೆರೆ ಕೊರೆಯುವುದು, ಅಕ್ವಾಟಿಂಟ್ ಅಂದರೆ ಆಸಿಡ್‌ನಿಂದಲೇ ನೆರಳು ತರುವುದು. ಗ್ವೆರ್ಚಿನೊ ತೀರಿಕೊಂಡಿದ್ದು 1666ರಲ್ಲಿ. ಆಗ ಅಕ್ವಾಟಿಂಟ್ ಇತ್ತಾ? ಅಥವಾ ಪ್ರಿಂಟ್ ಆದಮೇಲೆ ಯಾರೋ ಬಣ್ಣ ಹಚ್ಚಿದ್ದಾ?

ತಾಮ್ರತಗಡು:
ನೆರಳಿನ ಜಾಗಕ್ಕೆ ಭೂತಗನ್ನಡಿ ಹಿಡಿದು ನೋಡಿ. ಕುಂಚದ ಬಣ್ಣವಾದರೆ ಕಾಗದಕ್ಕೆ ಇಳಿದು ಒಂದೇ ಸಮ ಇರುತ್ತದೆ. ಅಕ್ವಾಟಿಂಟ್ ಆದರೆ ಸಣ್ಣ ಸಣ್ಣ ಬಿಳಿ ಚುಕ್ಕೆ, ಸುತ್ತ ಮಸಿಯ ಬಲೆ. ಯಾಕೆಂದರೆ ತಾಮ್ರದ ತಗಡಿನ ಮೇಲೆ ರಾಳದ ಪುಡಿಯನ್ನು ಚಪಾತಿ ಮಣೆಗೆ ಹಿಟ್ಟು ಉದುರಿಸಿದ ಹಾಗೆ ತೆಳ್ಳಗೆ ಉದುರಿಸಿ, ಕೆಳಗಿನಿಂದ ಬಿಸಿ ಮಾಡಿ ಅಂಟಿಸುತ್ತಾರೆ. ಆಮೇಲೆ ಆಸಿಡ್. ಕಣದ ಅಡಿಯ ತಾಮ್ರ ಉಳಿಯುತ್ತದೆ, ಸಂದಿಯದು ಸವೆಯುತ್ತದೆ, ಆ ಸಂದಿಯಲ್ಲಿ ಮಸಿ ನಿಲ್ಲುತ್ತದೆ. ಇಷ್ಟು ಕಪ್ಪು ಸಾಕು ಅನಿಸಿದ ಕಡೆ ವಾರ್ನಿಷ್ ಬಳಿದು ಮುಚ್ಚಿ, ಉಳಿದದ್ದನ್ನು ಮತ್ತೆ ಆಸಿಡ್‌ಗೆ ಹಾಕುವುದು. ಅದಕ್ಕೇ ನೆರಳು ಒಂದೊಂದು ಹಂತದಲ್ಲೂ ಥಟ್ಟನೆ ಬದಲಾಗುತ್ತದೆ.

1600ರ ಮಾತು ಬಿಡಿ. 1650ರ ದಶಕದಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಯಾನ್ ವಾನ್ ಡ ವೆಲ್ಡ ಇಂಥದ್ದನ್ನು ಮಾಡಿ ನೋಡಿದ್ದ, ಆದರೆ ಅದು ಹರಡಲಿಲ್ಲ. ಚಾಲ್ತಿಗೆ ಬಂದದ್ದು 1760ರ ದಶಕದಲ್ಲಿ, ಪ್ಯಾರಿಸ್‌ನ ಲ ಪ್ರ್ಯಾನ್ಸ್ ಮುಂತಾದವರಿಂದ.

ಹಳೇಕಾಗದ:
‘ಇನ್ವ್.’ ಅಂದರೆ ಚಿತ್ರ ಕಲ್ಪಿಸಿದವನು, ‘ಇಂಚ್.’ ಅಂದರೆ ತಗಡು ಮಾಡಿದವನು. ಇಬ್ಬರ ನಡುವೆ ನೂರು ವರ್ಷ ಇರಬಹುದು! ಗ್ವೆರ್ಚಿನೊ ಪೆನ್ನು, ಕಂದು ಮಸಿಯಲ್ಲಿ ಬರೆದ ಚಿತ್ರಗಳಿಗೆ 18ನೇ ಶತಮಾನದಲ್ಲಿ ಸಿಕ್ಕಾಪಟ್ಟೆ ಬೇಡಿಕೆ. ಮೂಲ ಎಲ್ಲರಿಗೂ ಸಿಗಬೇಕಲ್ಲ, ಹಾಗಾಗಿ ಮೂಲದಂತೆಯೇ ಕಾಣುವ ಪ್ರಿಂಟ್ ಬಂದವು. 1764ರಲ್ಲಿ ರೋಮ್‌ನಲ್ಲಿ ಪ್ರಿಂಟ್ ಕಲಾವಿದ ಪಿರನೇಸಿ ಗ್ವೆರ್ಚಿನೊ ಚಿತ್ರಗಳದ್ದೇ ಒಂದು ಸಂಪುಟ ತಂದ, ಅದರಲ್ಲಿ ಬಹಳಷ್ಟು ತಗಡು ಬಾರ್ತೊಲೊಟ್ಸಿಯವು. 1766ರಿಂದ ಫ್ಲಾರೆನ್ಸ್‌ನಲ್ಲಿ ಸ್ಕಚ್ಚಾತಿ, ಆಮೇಲೆ ಮುಲಿನಾರಿ, ಅಲ್ಲಿನ ಉಫಿತ್ಸಿ ಕಲಾಸಂಗ್ರಹದಲ್ಲಿದ್ದ ಹಳೇ ಚಿತ್ರಗಳನ್ನು ಅದೇ ಅಳತೆ, ಅದೇ ಬಣ್ಣದಲ್ಲಿ ಅಚ್ಚು ಹಾಕಿದರು. ಪೆನ್ನಿನ ಗೆರೆಗೆ ಎಚಿಂಗ್, ಕುಂಚದ ನೆರಳಿಗೆ ಅಕ್ವಾಟಿಂಟ್. ನಿಮ್ಮದೂ ಇದೇ ಬಗೆಯದ್ದು ಅನಿಸುತ್ತದೆ, ಆದರೆ ಕಲೆಯ ಕೆಳಗಿನ ಹೆಸರು ಓದದೆ ಇಂಥವನದೇ ಅಂತ ಹೇಳಬಾರದು. ಉಫಿತ್ಸಿಯ ರೇಖಾಚಿತ್ರ ಮತ್ತು ಮುದ್ರಣ ವಿಭಾಗ ನಿಮ್ಮೂರಲ್ಲೇ ಇದೆಯಲ್ಲ, ಫೋಟೊ ತೆಗೆದು ಬರೆದು ಕೇಳಿ.

ಗೀಚುಗಾರ:
ಒಂದು ತಕರಾರು. ಇದನ್ನು ಬರೋಕ್ ಪ್ರಿಂಟ್ ಅಂತ ಕರೆಯುವುದೇ ನನಗೆ ಸರಿ ಕಾಣುವುದಿಲ್ಲ, ಇದು ಬರೋಕ್ ಚಿತ್ರದ ನಕಲು ಅಷ್ಟೇ. ವೆನಿಸ್‌ನ ಕಲಾವಿದ ಜಾಂದೊಮೆನಿಕೊ ತಿಯೆಪೊಲೊ ಮೇರಿ, ಜೋಸೆಫ್ ಈಜಿಪ್ಟ್‌ಗೆ ಓಡಿಹೋಗುವುದನ್ನೇ ಮತ್ತೆ ಮತ್ತೆ ಬೇರೆ ಬೇರೆ ರೀತಿ ಮಾಡಿ 1753ರಲ್ಲಿ ಒಂದು ಸರಣಿ ತಂದ. ಅದರಲ್ಲಿ ಅಕ್ವಾಟಿಂಟ್ ಇಲ್ಲವೇ ಇಲ್ಲ, ಬರೀ ಗೆರೆ ಮತ್ತು ಖಾಲಿ ಬಿಟ್ಟ ಕಾಗದ. ಬಿಸಿಲು ಕಣ್ಣಿಗೆ ಹೊಡೆಯುತ್ತದೆ.

ಹಳೇಕಾಗದ:
ನಕಲು ಅಂದರೆ ಕೀಳು ಅಂತೇನಿಲ್ಲ. ಕುಂಚದ ಒಂದು ಎಳೆತವನ್ನು ಆಸಿಡ್‌ನಲ್ಲಿ ತರುವುದು ಸುಮ್ನೆ ಮಾತಾ?

ಮಸಿಕುಡಿಕೆ:
ನೋಡಿದೆ, ಬಿಳಿ ಚುಕ್ಕೆಗಳೇ! ಸುತ್ತ ತಗಡು ಒತ್ತಿದ ತಗ್ಗೂ ಇದೆ. ಮೈಸೂರಿಗೆ ಹೋದಾಗ ಲ್ಯಾಮಿನೇಷನ್ ಮಾಡಿಸಿ ಗೋಡೆಗೆ ಹಾಕಲಾ?

ತಾಮ್ರತಗಡು:
ಅಯ್ಯೋ, ಲ್ಯಾಮಿನೇಷನ್ ಬೇಡವೇ ಬೇಡ, ಆಮೇಲೆ ಬಿಡಿಸಲು ಆಗಲ್ಲ. ಆಸಿಡ್ ಇಲ್ಲದ ದಪ್ಪ ಕಾಗದದ ಮೌಂಟ್ ಹಾಕಿಸಿ, ಗಾಜು ಕಾಗದಕ್ಕೆ ತಾಗದ ಹಾಗೆ ಫ್ರೇಮ್ ಮಾಡಿಸಿ, ಬಿಸಿಲು ಬೀಳದ ಗೋಡೆಗೆ ಹಾಕಿ. ಇನ್ನೊಂದು, ನೆರಳು ಇನ್ನೂ ಗಾಢವಾಗಿದ್ದರೆ ಖುಷಿಪಡಿ. ಅಕ್ವಾಟಿಂಟ್ ತಗಡು ಬೇಗ ಸವೆಯುತ್ತದೆ, ಕೊನೆಕೊನೆಗೆ ತೆಗೆದ ಪ್ರತಿಗಳಲ್ಲಿ ನೆರಳು ಪೇಲವ.